ನಲ್ಲಿಗೆ ಡ್ರಮ್ಮು, ಬ್ರೋಮಿನ್‌ಗೆ ಬ್ಲೀಚು: ನಮ್ಮ ಬಿಎಸ್ಸಿ ಲ್ಯಾಬಿನ ಮೂರು ತಿಂಗಳ ಲೆಕ್ಕ

ಕೋಲಾರ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಆರ್ಗ್ಯಾನಿಕ್ ಲ್ಯಾಬಿನ ಪ್ರಯೋಗಗಳನ್ನು ಸ್ವಲ್ಪ ಹಸಿರು ಮಾಡೋಣ, ಅಂದರೆ ಕಸ, ವಿಷ, ನೀರಿನ ಖರ್ಚು ಕಡಿಮೆ ಮಾಡೋಣ ಅಂತ 2024ರ ಜನವರಿಯಲ್ಲಿ ಕೈ ಹಾಕಿದೆ. ಆಗ ಬರೆದಿಟ್ಟ ಟಿಪ್ಪಣಿ ಇದು. ಸಿಲಬಸ್‌ನಲ್ಲಿ ಗ್ರೀನ್ ಕೆಮಿಸ್ಟ್ರಿ ಒಂದು ಯೂನಿಟ್ ಇದೆ, ಮಕ್ಕಳು ಹನ್ನೆರಡು ತತ್ವ ಬಾಯಿಪಾಠ ಮಾಡಿ ಬರೆಯುತ್ತಾರೆ. ಪಕ್ಕದ ಕೋಣೆಯ ಲ್ಯಾಬಿನಲ್ಲಿ ಹತ್ತು ನಲ್ಲಿ ಒಂದೇ ಸಮ ಸುರಿಯುತ್ತಿರುತ್ತವೆ.

ಜನವರಿ 8, ಸೋಮವಾರ. ಮೊದಲು ಅಳತೆ

ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಗಿತ್ತು. ಕಾಲೇಜಿನ ಬೋರ್‌ವೆಲ್ ಬೆಳಗ್ಗೆ ಅರ್ಧ ಗಂಟೆ ಓಡಿದರೆ ಹೆಚ್ಚು. ಟ್ಯಾಂಕರ್ ನೀರು 6000 ಲೀಟರ್‌ಗೆ 900 ರೂಪಾಯಿ. "ಮೇಡಂ, ನಿಮ್ಮ ಲ್ಯಾಬ್ ಇರೋ ದಿನವೇ ಟ್ಯಾಂಕ್ ಖಾಲಿ ಆಗ್ತದೆ" ಅಂತ ಅಟೆಂಡರ್ ಅಣ್ಣ ಹೇಳಿದಾಗ ನಾನು ನಂಬಲಿಲ್ಲ.

ಒಂದು ಲೀಟರ್ ಬೀಕರ್ ಮತ್ತು ಮೊಬೈಲ್ ಸ್ಟಾಪ್‌ವಾಚ್ ತೆಗೆದುಕೊಂಡು ಕಂಡೆನ್ಸರ್‌ನಿಂದ ಸಿಂಕಿಗೆ ಬೀಳುವ ನೀರನ್ನು ಅಳೆದೆ. ಕಂಡೆನ್ಸರ್ ಅಂದರೆ ಕುದಿಯುವ ಫ್ಲಾಸ್ಕಿನ ಹಬೆಯನ್ನು ಸುತ್ತ ಓಡುವ ನೀರಿನಿಂದ ತಣಿಸುವ ಗಾಜಿನ ಕೊಳವೆ. ಬೀಕರ್ ತುಂಬಲು 50 ಸೆಕೆಂಡ್. ಅಂದರೆ ನಿಮಿಷಕ್ಕೆ 1.2 ಲೀಟರ್. ಈಥೈಲ್ ಬೆಂಜೋಯೇಟ್ ಹೈಡ್ರಾಲಿಸಿಸ್‌ಗೆ ರಿಫ್ಲಕ್ಸ್ (ಹಬೆ ತಣಿದು ಮತ್ತೆ ಫ್ಲಾಸ್ಕಿಗೇ ಬೀಳುವಂತೆ ಕುದಿಸುವುದು) 75 ನಿಮಿಷ, ಒಂದು ಬ್ಯಾಚಿಗೆ 10 ಕಂಡೆನ್ಸರ್. ಒಟ್ಟು 900 ಲೀಟರ್. ವಾರಕ್ಕೆ ಮೂರು ಬ್ಯಾಚ್, 2700 ಲೀಟರ್. ಹತ್ತಿರ ಹತ್ತಿರ ಅರ್ಧ ಟ್ಯಾಂಕರ್ ಶುದ್ಧ ನೀರು, ಒಂಚೂರು ಬೆಚ್ಚಗಾಗಿ ಚರಂಡಿಗೆ. ಅಣ್ಣ ಹೇಳಿದ್ದು ಸರಿ ಇತ್ತು.

ಅವತ್ತೇ ಇನ್ನೊಂದು ಸಂಗತಿ ಗೊತ್ತಾಯಿತು. ನಲ್ಲಿಯನ್ನು ತಿರುವಿ ನಿಮಿಷಕ್ಕೆ 350 ಎಂಎಲ್‌ಗೆ ಇಳಿಸಿದರೂ ಕಂಡೆನ್ಸರ್‌ನ ಮೇಲ್ಭಾಗ ತಣ್ಣಗೇ ಇತ್ತು. ನಲ್ಲಿ ಪೂರ್ತಿ ತೆರೆಯಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ, ಎಲ್ಲರೂ ತೆರೆಯುತ್ತಾರೆ. ನಾನೂ ಹಾಗೇ ಕಲಿತವಳು.

ಜನವರಿ 17. ಬಕೆಟ್ ಪ್ರಯೋಗ, ಸೋಲು ಒಂದು

ಸಂಕ್ರಾಂತಿ ರಜೆ ಮುಗಿಸಿ ಬರುವಾಗ ಏರ್‌ಕೂಲರ್‌ಗೆ ಹಾಕುವ 18 ವ್ಯಾಟ್ ಪಂಪ್ ತಂದೆ, 320 ರೂಪಾಯಿ. 20 ಲೀಟರ್ ಬಕೆಟ್ಟಿನಲ್ಲಿ ಮುಳುಗಿಸಿ ಬೆಂಚಿನ ಕೆಳಗೆ ನೆಲದ ಮೇಲೆ ಇಟ್ಟೆ. ನಾಲ್ಕು ಕಂಡೆನ್ಸರ್‌ಗಳನ್ನು ಒಂದರ ಹಿಂದೆ ಒಂದು ರಬ್ಬರ್ ಟ್ಯೂಬಿನಿಂದ ಜೋಡಿಸಿದೆ. ಸ್ವಿಚ್ ಹಾಕಿದರೆ ಪಂಪ್ ಗುಂಯ್ ಅಂತು. ನೀರು ಮೊದಲ ಕಂಡೆನ್ಸರ್‌ನ ಅರ್ಧಕ್ಕೆ ಬಂದು ನಿಂತಿತು.

ಪಂಪಿನ ಡಬ್ಬದ ಮೇಲೆ 1.8 ಮೀಟರ್ ಎತ್ತುತ್ತದೆ ಅಂತ ಬರೆದಿದೆ. ನೆಲದಿಂದ ಬೆಂಚ್ 0.9 ಮೀಟರ್, ಅದರ ಮೇಲೆ ಕಂಡೆನ್ಸರ್‌ನ ತುದಿ ಇನ್ನೂ 0.6. ಡಬ್ಬದ ಮೇಲಿನ ಲೆಕ್ಕ ಹೊಸ ಪಂಪಿಗೆ, ಟ್ಯೂಬ್ ಇಲ್ಲದೆ, ಪೂರ್ತಿ ವೋಲ್ಟೇಜ್ ಇದ್ದಾಗ. ನಮ್ಮಲ್ಲಿ ಮಧ್ಯಾಹ್ನ ವೋಲ್ಟೇಜ್ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು.

ದೊಡ್ಡ ಪಂಪ್ ತರೋಣ ಅಂತ ಹೊರಟವಳನ್ನು ಅಣ್ಣ ತಡೆದರು. ಬಕೆಟ್ಟನ್ನು ಎತ್ತಿ ಬೆಂಚಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟರು, ಅಷ್ಟೇ. ನೀರು ಓಡಿತು. ಖರ್ಚು ಸೊನ್ನೆ.

ಖುಷಿ ಒಂದು ಗಂಟೆ ಉಳಿಯಿತು. ಥರ್ಮಾಮೀಟರ್ ಬಕೆಟ್ಟಿನಲ್ಲೇ ಇತ್ತು: ಶುರುವಿನಲ್ಲಿ 26 ಡಿಗ್ರಿ, 30 ನಿಮಿಷಕ್ಕೆ 33, 60 ನಿಮಿಷಕ್ಕೆ 40. ಸಾಲಿನ ಕೊನೆಯ ಕಂಡೆನ್ಸರ್ ಮುಟ್ಟಿದರೆ ಬೆಚ್ಚಗೆ. ನೀರಿನ ರಿಫ್ಲಕ್ಸ್‌ಗೆ ಇದೂ ನಡೆಯುತ್ತದೆ. ಆಲ್ಕೋಹಾಲ್ ಇದ್ದರೆ ನಾನು ಒಪ್ಪುವುದಿಲ್ಲ.

ಜನವರಿ 29ರಿಂದ ಫೆಬ್ರವರಿ 3. ಡ್ರಮ್ಮು ಮತ್ತು ಡ್ರಿಪ್ ಪೈಪು

ಬಕೆಟ್ ಬಿಟ್ಟು 100 ಲೀಟರ್‌ನ ಹಳೇ ನೀಲಿ ಡ್ರಮ್ ತಂದೆವು, 450 ರೂಪಾಯಿ. ಅಷ್ಟು ಭಾರ ಸ್ಟೂಲ್ ತಡೆಯುವುದಿಲ್ಲ. ಸಿಮೆಂಟ್ ಇಟ್ಟಿಗೆ ಜೋಡಿಸಿ ಕಟ್ಟೆ ಮಾಡಿದೆವು.

ಒಂದರ ಹಿಂದೆ ಒಂದು ಜೋಡಿಸುವುದನ್ನು ಬಿಟ್ಟು ಎಲ್ಲಾ ಕಂಡೆನ್ಸರ್‌ಗೂ ಬೇರೆ ಬೇರೆ ಕವಲು ಕೊಡಬೇಕಿತ್ತು. ಲ್ಯಾಬ್ ಸಾಮಾನು ಮಾರುವವರ ಪಟ್ಟಿಯಲ್ಲಿ ಇಂಥ ಮ್ಯಾನಿಫೋಲ್ಡ್ ಬೆಲೆ ನೋಡಿ ಪುಟ ಮುಚ್ಚಿದೆ. ಉತ್ತರ ಗೊಬ್ಬರದ ಅಂಗಡಿಯಲ್ಲಿ ಸಿಕ್ಕಿತು. ಹನಿ ನೀರಾವರಿಗೆ ಬಳಸುವ 16 ಎಂಎಂ ಕಪ್ಪು ಪೈಪು, ಅದಕ್ಕೆ ತೂತು ಹಾಕುವ ಪಂಚ್, ಹತ್ತು ಪುಟ್ಟ ನಲ್ಲಿ, ಎಂಡ್ ಕ್ಯಾಪ್. ಎಲ್ಲಾ ಸೇರಿ 410 ರೂಪಾಯಿ. ಟೊಮೆಟೊ ಬೆಳೆಯುವ ಊರಿನಲ್ಲಿ ಇದಕ್ಕೆ ಹುಡುಕಾಡುವ ಕೆಲಸವೇ ಇಲ್ಲ. ನಮ್ಮ ಒಬ್ಬ ವಿದ್ಯಾರ್ಥಿ ಐದು ನಿಮಿಷದಲ್ಲಿ ಹತ್ತೂ ತೂತು ಹಾಕಿ ನಲ್ಲಿ ಕೂರಿಸಿದ. ಹೊಲದಲ್ಲಿ ದಿನಾ ಮಾಡುವ ಕೆಲಸ ಅಂದ. ನಾನು ಹಾಕಿದ ಒಂದು ತೂತು ಓರೆಯಾಗಿ ಈಗಲೂ ಸೋರುತ್ತದೆ.

ಫೆಬ್ರವರಿ 1ರಂದು ಟ್ಯೂಬ್ ಕಳಚಿ ಬೆಂಚಿನ ಮೇಲೆ ನೀರು ಹರಿಯಿತು, ಎರಡು ರೆಕಾರ್ಡ್ ಬುಕ್ ನೆನೆದವು. ಕ್ಲಿಪ್ ಹಾಕದೆ ಬಿಟ್ಟದ್ದು ನನ್ನ ತಪ್ಪು. ಕ್ಲಿಪ್ಪಿಗೆ 60 ರೂಪಾಯಿ. ನೀರು, ಕರೆಂಟು, ಹೀಟಿಂಗ್ ಮ್ಯಾಂಟಲ್ ಎಲ್ಲಾ ಒಂದೇ ಬೆಂಚಿನಲ್ಲಿ ಇರುವುದು ನೋಡಿ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಎಲೆಕ್ಟ್ರಿಷಿಯನ್ ಕರೆಸಿ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಬೋರ್ಡ್ ಹಾಕಿಸಿದೆವು, 1,450 ರೂಪಾಯಿ. ಇಡೀ ಕೆಲಸದಲ್ಲಿ ದುಬಾರಿ ಇದೊಂದೇ. ಇದನ್ನು ಬಿಟ್ಟು ಯಾರೂ ಈ ವ್ಯವಸ್ಥೆ ಮಾಡಬೇಡಿ.

ಒಟ್ಟು 2,690 ರೂಪಾಯಿ. ಹತ್ತು ಕಂಡೆನ್ಸರ್, 75 ನಿಮಿಷ: ನೀರು 26ರಿಂದ 35 ಡಿಗ್ರಿಗೆ ಏರಿತು. ಒಪ್ಪಬಹುದು. ಮಾರ್ಚ್‌ನಲ್ಲಿ ನೀರೇ 30 ಇದ್ದಾಗ ಹಾಸ್ಟೆಲ್ ಫ್ರಿಜ್‌ನಿಂದ ನಾಲ್ಕು ಬಾಟಲಿ ಐಸ್ ತಂದು ಮುಳುಗಿಸಿದೆವು.

ಹಣದ ಲೆಕ್ಕ ಕೇಳುವವರಿಗೆ: ವಾರಕ್ಕೆ ಉಳಿಯುವ ನೀರು ಟ್ಯಾಂಕರ್ ದರದಲ್ಲಿ 405 ರೂಪಾಯಿ. ಏಳು ವಾರದಲ್ಲಿ ಹಾಕಿದ್ದು ವಾಪಸ್ ಅಂತ ಪ್ರಿನ್ಸಿಪಾಲರಿಗೆ ಜಂಬದಿಂದ ಹೇಳಿಬಿಟ್ಟಿದ್ದೆ. ಆಮೇಲೆ ನೋಡಿದರೆ ಸೆಮಿಸ್ಟರಿನಲ್ಲಿ ರಿಫ್ಲಕ್ಸ್ ಇರುವುದೇ ಐದು ವಾರ. ಈ ವರ್ಷ ದುಡ್ಡು ಹುಟ್ಟಲಿಲ್ಲ.

ಫೆಬ್ರವರಿ 7. ಬ್ರೋಮಿನ್ ಬಿಡುವ ಯೋಚನೆ

ಅಸೆಟಾನಿಲೈಡ್‌ನಿಂದ ಪ್ಯಾರಾ-ಬ್ರೋಮೋಅಸೆಟಾನಿಲೈಡ್ ಮಾಡುವುದು ನಮ್ಮಲ್ಲಿ ಹಳೇ ಪ್ರಯೋಗ. ಒಬ್ಬೊಬ್ಬರಿಗೆ 5 ಗ್ರಾಂ ಅಸೆಟಾನಿಲೈಡ್, 26 ಎಂಎಲ್ ಗ್ಲೇಶಿಯಲ್ ಅಸಿಟಿಕ್ ಆಸಿಡ್, 2.1 ಎಂಎಲ್ ಬ್ರೋಮಿನ್. ಇಪ್ಪತ್ತು ಮಕ್ಕಳಿಗೆ ಅರ್ಧ ಲೀಟರ್‌ಗೂ ಜಾಸ್ತಿ ಆಸಿಡ್, 42 ಎಂಎಲ್ ಬ್ರೋಮಿನ್. ಹಬೆ ಹೊರಗೆ ಎಳೆಯುವ ಗೂಡು, ಫ್ಯೂಮ್ ಹುಡ್, ಒಂದೇ ಇದೆ, ಅದರ ಫ್ಯಾನ್ ಶಬ್ದ ಮಾಡುತ್ತದೆ, ಗಾಳಿ ಎಳೆಯುವುದು ಕಡಿಮೆ. ಬ್ರೋಮಿನ್ ದಿನ ಪಕ್ಕದ ಬಾಟನಿ ವಿಭಾಗದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಎರಡು ವರ್ಷದ ಹಿಂದೆ ನನ್ನ ಬೆರಳಿಗೇ ಒಂದು ಹನಿ ಬಿದ್ದಿತ್ತು. ಗಾಯ ಮಾಯಲು ಮೂರು ವಾರ ಹಿಡಿಯಿತು.

ಯಾವ ಹೊಸ ವಿಧಾನವೂ ಹುಡುಕದೆ, ಮೊದಲು 5 ಗ್ರಾಂ ಬದಲು 1 ಗ್ರಾಂ ಮಾಡಿದೆ. ಒಂದೇ ಏಟಿಗೆ ಐದರಲ್ಲಿ ನಾಲ್ಕು ಭಾಗ ಕಸ ಹೋಯಿತು. ಹರಳು ಶುದ್ಧವೋ ಅಂತ ತಿಳಿಯಲು ಮೆಲ್ಟಿಂಗ್ ಪಾಯಿಂಟ್ ನೋಡುತ್ತೇವೆ, ಅದಕ್ಕೆ ಕ್ಯಾಪಿಲರಿಯಲ್ಲಿ (ಸಣ್ಣ ಗಾಜಿನ ಕೊಳವೆ) ಚಿಟಿಕೆ ಸಾಕು. ಉಳಿದದ್ದನ್ನು ಪೊಟ್ಟಣ ಕಟ್ಟಿ ಕಪಾಟಿನಲ್ಲಿ ಇಡುತ್ತೇವೆ, ಯಾರೂ ತೆಗೆದು ನೋಡುವುದಿಲ್ಲ. ನಮ್ಮ ಕಪಾಟಿನಲ್ಲಿ 2011ರ ಪೊಟ್ಟಣ ಸಿಕ್ಕಿತು.

ಫೆಬ್ರವರಿ 12ರಿಂದ 20. ಸೆರಿಕ್ ವಿಧಾನ, ಸೋಲು ಎರಡು

ಜೆರಾಕ್ಸ್ ಆಗಿ ಕಾಲೇಜಿನಿಂದ ಕಾಲೇಜಿಗೆ ಓಡಾಡುವ ಒಂದು ಹಸಿರು ವಿಧಾನ ಇದೆ. 1 ಗ್ರಾಂ ಅಸೆಟಾನಿಲೈಡ್ 15 ಎಂಎಲ್ ಆಲ್ಕೋಹಾಲ್‌ನಲ್ಲಿ. 1 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಮತ್ತು 6 ಗ್ರಾಂ ಸೆರಿಕ್ ಅಮೋನಿಯಂ ನೈಟ್ರೇಟ್ 15 ಎಂಎಲ್ ನೀರಿನಲ್ಲಿ. ಎರಡನೆಯದನ್ನು ಮೊದಲನೆಯದಕ್ಕೆ ಹನಿ ಹನಿಯಾಗಿ ಹಾಕಿ, ಹತ್ತು ನಿಮಿಷ ಕಲಕಿ, ಐಸ್ ನೀರಿಗೆ ಸುರಿದರೆ ಬಿಳಿ ಹರಳು. ಬ್ರೋಮಿನ್ ಬಾಟಲಿ ಮುಟ್ಟಬೇಕಾಗಿಲ್ಲ, ವಾಸನೆ ಇಲ್ಲ. ನೋಡಲು ಚೆಂದ.

ನಾನು ಮಾಡಿದಾಗ ಬಂದದ್ದು 1.02 ಗ್ರಾಂ. ಮೆಲ್ಟಿಂಗ್ ಪಾಯಿಂಟ್ 164–166, ಪರವಾಗಿಲ್ಲ. ಪೂರ್ತಿ ಬಂದಿದ್ದರೆ 1.58 ಗ್ರಾಂ ಇರಬೇಕಿತ್ತು. ಕೈತಪ್ಪು ಅಂದುಕೊಂಡೆ. ಮೊದಲ ಬ್ಯಾಚಿನ ಹತ್ತು ಜೋಡಿಗೆ ಬಂದದ್ದು 0.84ರಿಂದ 1.12. ಎರಡನೇ ಬ್ಯಾಚಿಗೂ ಹಾಗೇ. ಒಬ್ಬರೂ 1.17 ದಾಟಲಿಲ್ಲ. ಹೆಚ್ಚು ಹೊತ್ತು ಕಲಕಿದೆವು, ಐಸ್ ಜಾಸ್ತಿ ಹಾಕಿದೆವು, ಒಂದು ದಿನ ಬಿಟ್ಟು ಸೋಸಿದೆವು. ಊಹೂಂ.

ಒಂದು ವಾರ ಹೀಗೆ ತಲೆ ಕೆಡಿಸಿಕೊಂಡ ಮೇಲೆ ಬಸ್ಸಿನಲ್ಲಿ ಟಿಕೆಟ್ ಹಿಂಭಾಗದಲ್ಲಿ ಲೆಕ್ಕ ಹಾಕಿದೆ. ಮೊದಲೇ ಹಾಕಬೇಕಿತ್ತು ಅಲ್ವಾ? ಒಂದು ಬ್ರೋಮೈಡ್‌ನಿಂದ ಎರಡು ಎಲೆಕ್ಟ್ರಾನ್ ಕೀಳಬೇಕು. ಸೆರಿಕ್ ಉಪ್ಪಿನಲ್ಲಿರುವ ಒಂದು ಸೀರಿಯಂ ತೆಗೆದುಕೊಳ್ಳುವುದು ಒಂದೇ. 1 ಗ್ರಾಂ ಅಸೆಟಾನಿಲೈಡ್ ಅಂದರೆ 7.4 ಮಿಲಿಮೋಲ್ (ಅಣುಗಳನ್ನು ಎಣಿಸುವ ಅಳತೆ), ಸೀರಿಯಂ 14.8 ಬೇಕು. 6 ಗ್ರಾಂನಲ್ಲಿ ಇರುವುದು 10.9. ಅದಕ್ಕೆ ಹುಟ್ಟಬಹುದಾದದ್ದು ಹೆಚ್ಚೆಂದರೆ 1.17 ಗ್ರಾಂ! ಮಕ್ಕಳ ಕೈ ಚೆನ್ನಾಗೇ ಇತ್ತು. ನಾನು ಆ ವಾರ ಇಬ್ಬರನ್ನು ಗದರಿಸಿದ್ದೆ, ಹೋಗಿ ಅವರಿಗೆ ಹೇಳಿದೆ.

ಸೆರಿಕ್ ಅನ್ನು 8.5 ಗ್ರಾಂಗೆ ಏರಿಸಿದಾಗ 1.41 ಗ್ರಾಂ ಬಂತು. ಆದರೆ 100 ಗ್ರಾಂ ಬಾಟಲಿಗೆ 780 ರೂಪಾಯಿ ಕೊಟ್ಟಿದ್ದೆವು. ಒಂದು ಸಲಕ್ಕೆ 66 ರೂಪಾಯಿ. ಒಂದೂವರೆ ಗ್ರಾಂ ಹರಳಿಗೆ ಎಂಟೂವರೆ ಗ್ರಾಂ ಸೀರಿಯಂ ಉಪ್ಪು ಕಸ.

ಮಕ್ಕಳ ಕೈಲೇ ಆಟಂ ಎಕಾನಮಿ ಲೆಕ್ಕ ಹಾಕಿಸಿದೆ, ಅಂದರೆ ಹಾಕಿದ ಪದಾರ್ಥಗಳ ತೂಕದಲ್ಲಿ ಎಷ್ಟು ಭಾಗ ನಮಗೆ ಬೇಕಾದ ಹರಳು ಆಗಬಹುದು ಅಂತ. ಬ್ರೋಮಿನ್ ವಿಧಾನ: 72.6 ಶೇಕಡ. ಸೆರಿಕ್ ವಿಧಾನ: 15.8. ಹಸಿರು ಅಂತ ಹೆಸರಿಟ್ಟುಕೊಂಡದ್ದಕ್ಕೆ ಕಡಿಮೆ ಅಂಕ. ಒಬ್ಬಳು "ಹಾಗಾದ್ರೆ ಬ್ರೋಮಿನ್ನೇ ಗ್ರೀನ್ ಅಲ್ವಾ ಮೇಡಂ?" ಅಂದಳು. ಬ್ರೋಮಿನ್ ಬಿದ್ದಿದ್ದ ಬೆರಳು ತೋರಿಸಿದೆ. ಈ ಲೆಕ್ಕಕ್ಕೆ ಕೈ ಸುಡುವುದು ಕಾಣುವುದಿಲ್ಲ. ಎರಡನ್ನೂ ಒಟ್ಟಿಗೆ ನೋಡಬೇಕು, ಒಂದೇ ಸಂಖ್ಯೆ ಹಿಡಿದು ಕೂತರೆ ಹಾದಿ ತಪ್ಪುತ್ತದೆ.

ಫೆಬ್ರವರಿ 26ರಿಂದ ಮಾರ್ಚ್ 7. ಬ್ಲೀಚ್, ಸೋಲು ಮೂರು ಮತ್ತು ನಾಲ್ಕು

ಬ್ರೋಮೈಡ್‌ನಿಂದ ಎಲೆಕ್ಟ್ರಾನ್ ಕೀಳಲು ಸೀರಿಯಮ್ಮೇ ಬೇಕಾ? ಬಾತ್‌ರೂಮ್ ತೊಳೆಯುವ ಹೈಪೋಕ್ಲೋರೈಟ್, ಅಂದರೆ ಬ್ಲೀಚ್, ಸಾಕು. ಅಸಿಟಿಕ್ ಆಸಿಡ್ ಬಿಟ್ಟು ಲೆಕ್ಕ ಹಾಕಿದರೆ ಆಟಂ ಎಕಾನಮಿ 65 ಶೇಕಡ, ಉಳಿಯುವುದು ಬಹುಪಾಲು ಉಪ್ಪು. ಇದು ಹೊಸದೇನಲ್ಲ, ಹೊರದೇಶದ ಎಷ್ಟೋ ಪದವಿ ಲ್ಯಾಬುಗಳಲ್ಲಿ ಮಾಡುತ್ತಾರೆ.

ಮೊದಲ ಸಲ: 1 ಗ್ರಾಂ ಅಸೆಟಾನಿಲೈಡ್, 1 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್, 10 ಎಂಎಲ್ ಆಲ್ಕೋಹಾಲ್, 5 ಎಂಎಲ್ ಅಸಿಟಿಕ್ ಆಸಿಡ್, ಐಸ್‌ನಲ್ಲಿ ಇಟ್ಟೆ. ಬ್ಲೀಚ್ ಬಾಟಲಿ ಮೇಲೆ 4 ಶೇಕಡ ಅಂತ ಬರೆದಿದೆ, ಆ ಲೆಕ್ಕಕ್ಕೆ 14 ಎಂಎಲ್ ಬೇಕು. 15 ಎಂಎಲ್ ಅಳೆದು ಅವಸರಕ್ಕೆ ಒಮ್ಮೆಲೇ ಸುರಿದೆ. ಕಿತ್ತಳೆ ಬಣ್ಣ ಎದ್ದು ಕ್ಲೋರಿನ್ ವಾಸನೆ ಬಂತು. ಹುಡ್ ಒಳಗೆ ಮಾಡಿದ್ದಕ್ಕೆ ಬಚಾವ್. ಹರಳು ಬಂದದ್ದು 0.8 ಗ್ರಾಂ ಮಾತ್ರ.

ಸೆರಿಕ್ ಪಾಠ ನೆನಪಿತ್ತು. ಈ ಸಲ ಮೊದಲು ಬಾಟಲಿಯನ್ನೇ ಪರೀಕ್ಷಿಸಿದೆ. 5 ಎಂಎಲ್ ಬ್ಲೀಚನ್ನು 100 ಎಂಎಲ್‌ಗೆ ತೆಳು ಮಾಡಿ, ಅದರಲ್ಲಿ 10 ಎಂಎಲ್‌ಗೆ ಪೊಟ್ಯಾಸಿಯಂ ಅಯೋಡೈಡ್ ಮತ್ತು ಅಸಿಟಿಕ್ ಆಸಿಡ್ ಹಾಕಿ, 0.1 ನಾರ್ಮಲ್ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿದೆ, ಅಂದರೆ ಬಣ್ಣ ಹೋಗುವವರೆಗೆ ಅದನ್ನು ಅಳೆದು ಇಳಿಸಿದೆ. 4 ಶೇಕಡ ನಿಜವಾಗಿದ್ದರೆ 5.4 ಎಂಎಲ್ ಇಳಿಯಬೇಕು. ಇಳಿದದ್ದು 3.2. ಅಂದರೆ ಸುಮಾರು 2.4 ಶೇಕಡ. ನಾನು ತಂದಿಟ್ಟ ಬಾಟಲಿ ಬಿಸಿಲು ಬೀಳುವ ಕಿಟಕಿ ಹತ್ತಿರ ಒಂದು ತಿಂಗಳು ಇತ್ತು. ಹೈಪೋಕ್ಲೋರೈಟ್ ಬಿಸಿ, ಬೆಳಕು ಎರಡಕ್ಕೂ ಸೊರಗುತ್ತದೆ.

ಎರಡನೇ ಸಲ 25 ಎಂಎಲ್, ಹತ್ತು ನಿಮಿಷದಲ್ಲಿ ಹನಿ ಹನಿಯಾಗಿ, ಕಲಕುತ್ತಾ, ಒಂದೊಂದು ಹನಿಯ ಬಣ್ಣ ಹೋಗುವವರೆಗೆ ಕಾದು. ಐಸ್‌ನಿಂದ ತೆಗೆದು 15 ನಿಮಿಷ ಬಿಟ್ಟೆ. ಹರಳು ಚೆನ್ನಾಗಿ ಕೂತಿತು. ಉಳಿದ ಬ್ಲೀಚ್ ಕೊಲ್ಲಲು, ಬ್ರೋಮಿನ್‌ಗೆ ಹಾಕಿ ರೂಢಿ ಇದ್ದ ಥಯೋಸಲ್ಫೇಟ್ ಹಾಕಿದೆ. ಎರಡು ನಿಮಿಷಕ್ಕೆ ಇಡೀ ಫ್ಲಾಸ್ಕ್ ಹಾಲು ಹಾಲು. ಆಸಿಡ್‌ನಲ್ಲಿ ಥಯೋಸಲ್ಫೇಟ್ ಒಡೆದು ಗಂಧಕ ಬಿಡುತ್ತದೆ, ಅದೂ ಹರಳಿನ ಜೊತೆ ಸೋಸುಕಾಗದದಲ್ಲಿ ಕೂತಿತು. ಪಿಯುಸಿ ಮಕ್ಕಳಿಗೆ ನಾನೇ ಪಾಠ ಮಾಡಿದ ರಿಯಾಕ್ಷನ್ ಅದು.

ಮೂರನೇ ಸಲ ಸೋಡಿಯಂ ಮೆಟಾಬೈಸಲ್ಫೈಟ್ ಚಿಟಿಕೆ ಚಿಟಿಕೆ ಹಾಕಿದೆ, ಸ್ಟಾರ್ಚ್ ಅಯೋಡೈಡ್ ಕಾಗದ ನೀಲಿ ಆಗುವುದು ನಿಲ್ಲುವವರೆಗೆ. ಬಂದದ್ದು 1.36 ಗ್ರಾಂ, 86 ಶೇಕಡ. ಮೆಲ್ಟಿಂಗ್ ಪಾಯಿಂಟ್ 165–167. ಖರ್ಚು ಸೆರಿಕ್‌ನ ಹತ್ತಿರವೂ ಇಲ್ಲ.

ಈಗ ಬ್ಯಾಚಿನವರು ಹಿಂದಿನ ವಾರ ಬ್ಲೀಚ್ ಟೈಟ್ರೇಷನ್ ಮಾಡುತ್ತಾರೆ, ಈ ವಾರ ಅವರದೇ ಸಂಖ್ಯೆ ಹಿಡಿದು ಎಷ್ಟು ಎಂಎಲ್ ಬೇಕು ಅಂತ ಲೆಕ್ಕ ಹಾಕಿ ಹರಳು ಮಾಡುತ್ತಾರೆ. ಟೈಟ್ರೇಷನ್ ತಪ್ಪಿದವರ ಹರಳೂ ಕಡಿಮೆ. ವೈವಾದಲ್ಲಿ ಕೇಳುವ ಅಗತ್ಯವೇ ಬೀಳುವುದಿಲ್ಲ. ಎರಡು ಎಚ್ಚರಿಕೆ ಮಾತ್ರ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿದ್ದೇನೆ: ಬ್ರೋಮೈಡ್ ಹಾಕದೆ ಆಸಿಡ್‌ಗೆ ಬ್ಲೀಚ್ ಹಾಕಬಾರದು, ಬ್ಲೀಚ್ ಹತ್ತಿರ ಅಮೋನಿಯಾ ತರಬಾರದು.

ಮಾರ್ಚ್ 11. ನಿಜವಾದ ಹಸಿರು

ಶಿವರಾತ್ರಿ, ಆಮೇಲೆ ಶನಿವಾರ ಭಾನುವಾರ. ಮೂರು ದಿನ ಲ್ಯಾಬ್ ಮುಚ್ಚಿತ್ತು. ಸೋಮವಾರ ಬಂದು ಡ್ರಮ್ ಮುಚ್ಚಳ ತೆಗೆದರೆ ನೀರು ಹಸಿರು, ಗೋಡೆಗೆ ಪಾಚಿ. ಅಣ್ಣ ನಗುತ್ತಾ "ಗ್ರೀನ್ ಕೆಮಿಸ್ಟ್ರಿ ಬಂತು ಮೇಡಂ" ಅಂದರು. ಪಾಚಿ ಅದಕ್ಕೂ ಮೊದಲೇ ಶುರುವಾಗಿತ್ತೋ ಏನೋ, ನಾವು ನೋಡಿರಲಿಲ್ಲ. ಪಂಪಿನ ಸ್ಪಂಜ್ ಕಟ್ಟಿಕೊಂಡಿತ್ತು.

ಡ್ರಮ್ ಉಜ್ಜಿ ತೊಳೆದು ಹೊರಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಸುತ್ತಿದೆವು. ಬೆಳಕು ಬೀಳದಿದ್ದರೆ ಪಾಚಿ ಇಲ್ಲ. ಎರಡು ವಾರಕ್ಕೊಮ್ಮೆ ನೀರು ಬದಲು, ಹಳೇ ನೀರು ಗಿಡಕ್ಕೆ. ಬೋರ್‌ವೆಲ್ ನೀರಿನ ಗಡಸಿಗೆ ಕಂಡೆನ್ಸರ್ ಒಳಗೆ ಬಿಳಿ ಪದರ ಕಟ್ಟುತ್ತಿತ್ತು. ಈಗ ಕಂಪ್ಯೂಟರ್ ಲ್ಯಾಬಿನ ಎಸಿಯಿಂದ ತೊಟ್ಟಿಕ್ಕುವ ನೀರನ್ನು ಕ್ಯಾನಿನಲ್ಲಿ ಹಿಡಿದು ಡ್ರಮ್ಮಿಗೆ ಹಾಕುತ್ತೇವೆ. ಅದರಲ್ಲಿ ಉಪ್ಪಿನಂಶ ಇಲ್ಲ. ಬಳಸಿದ ನೀರು ಮತ್ತೆ ಯಾಕೆ ಅಂತ ಒಬ್ಬರು ಮೂಗು ಮುರಿದಾಗ ಅಣ್ಣನ ಉತ್ತರ: "ಬೆಂಗಳೂರಿನವರು ಬಳಸಿ ಬಿಟ್ಟ ನೀರು ಶುದ್ಧ ಮಾಡಿ ಕೆ.ಸಿ. ವ್ಯಾಲಿಯಿಂದ ನಮ್ಮ ಕೆರೆಗೆ ಬರ್ತಿಲ್ವಾ ಸಾರ್? ಇದು ಬರೀ ಗಾಜಿನ ಮೇಲೆ ಓಡಿದ ನೀರು."

ಮಾರ್ಚ್ 18ರಿಂದ 27. ಬೆಂಜೋಯಿನ್, ಕಂಡೆನ್ಸರ್ ಇಲ್ಲದೆ

ಬೆಂಜಾಲ್ಡಿಹೈಡ್‌ನಿಂದ ಬೆಂಜೋಯಿನ್ ಮಾಡಲು ಹಳೇ ಪುಸ್ತಕಗಳಲ್ಲಿ ಸಯನೈಡ್. ಅದನ್ನು ನಾವು ಬಿಟ್ಟು ಬಹಳ ವರ್ಷ ಆಯಿತು, ಜೊತೆಗೆ ಪ್ರಯೋಗವನ್ನೂ ಬಿಟ್ಟಿದ್ದೆವು. ಸಯನೈಡ್ ಮಾಡುವ ಕೆಲಸವನ್ನು ಥಯಾಮಿನ್, ಅಂದರೆ ವಿಟಮಿನ್ ಬಿ1, ಮಾಡುತ್ತದೆ. 0.9 ಗ್ರಾಂ ಥಯಾಮಿನ್ ಹೈಡ್ರೋಕ್ಲೋರೈಡ್ 2 ಎಂಎಲ್ ನೀರಿನಲ್ಲಿ, 8 ಎಂಎಲ್ ಆಲ್ಕೋಹಾಲ್, ಐಸ್‌ನಲ್ಲಿ ಇಟ್ಟು 2.5 ಎಂಎಲ್ 2 ಮೋಲಾರ್ ಕಾಸ್ಟಿಕ್ ಸೋಡ ಹನಿ ಹನಿಯಾಗಿ, ಕೊನೆಗೆ 5 ಎಂಎಲ್ ಬೆಂಜಾಲ್ಡಿಹೈಡ್. ಬಿಸಿ ಮಾಡದೆ ಮುಚ್ಚಿಟ್ಟರೆ ಎರಡು ದಿನದಲ್ಲಿ ಹರಳು.

ಮೊದಲ ಸಲ ಐಸ್ ಇಡದೆ ಸೋಡ ಸುರಿದವರದು ಗಾಢ ಹಳದಿ ಆಗಿ ಅಲ್ಲಿಗೇ ಮುಗಿಯಿತು. ನನ್ನದು ಹಳದಿ ಆಗಲಿಲ್ಲ, ಹರಳೂ ಬರಲಿಲ್ಲ, ಎರಡು ದಿನವಾದರೂ ಎಣ್ಣೆ. ತಪ್ಪು ಬೆಂಜಾಲ್ಡಿಹೈಡ್ ಬಾಟಲಿಯ ಬಿರಡೆಯಲ್ಲೇ ಕಾಣುತ್ತಿತ್ತು. ಸುತ್ತ ಬಿಳಿ ಪುಡಿ, ಗಾಳಿ ತಾಗಿ ಬೆಂಜೋಯಿಕ್ ಆಸಿಡ್ ಆದದ್ದು. ನಾವು ಅಳೆದು ಹಾಕಿದ ಸೋಡವನ್ನು ಅದು ತಿಂದುಬಿಡುತ್ತದೆ. 5 ಶೇಕಡ ಸೋಡಿಯಂ ಕಾರ್ಬೋನೇಟ್‌ನಲ್ಲಿ ಎರಡು ಸಲ ತೊಳೆದು, ನೀರಾರಿಸಿ ಹಾಕಿದಾಗ 2.6 ಗ್ರಾಂ, ಅಂದರೆ 50 ಶೇಕಡ. ಮೆಲ್ಟಿಂಗ್ ಪಾಯಿಂಟ್ 133–135. ಇನ್ನು ಮುಂದೆ 500 ಎಂಎಲ್ ಬಾಟಲಿ ತರಿಸುವುದಿಲ್ಲ, 100ರದ್ದೇ.

ಈ ಪ್ರಯೋಗಕ್ಕೆ ನಲ್ಲಿ ನೀರೂ ಬೇಡ, ನನ್ನ ಡ್ರಮ್ಮೂ ಬೇಡ. ಅಷ್ಟು ಕಷ್ಟಪಟ್ಟು ಕಟ್ಟಿದ ಮೇಲೆ ಸ್ವಲ್ಪ ಬೇಜಾರೇ ಆಯಿತು.

ಏಪ್ರಿಲ್ 5. ಉಳಿದ ಕೆಲಸ

ಯುಗಾದಿ ರಜೆಗೆ ಮುಂಚೆ ಲ್ಯಾಬ್ ಮುಚ್ಚುವಾಗ ಬರೆದದ್ದು. ಸೀರಿಯಂ ಕಸ ನಾಲ್ಕು ಲೀಟರ್, ಚೀಟಿ ಅಂಟಿಸಿ ಇಟ್ಟಿದ್ದೇವೆ, ಚರಂಡಿಗೆ ಹಾಕಿಲ್ಲ. ತೆಗೆದುಕೊಂಡು ಹೋಗುವವರು ಇಷ್ಟು ಕಡಿಮೆಗೆ ಬರುವುದಿಲ್ಲವಂತೆ. ಬ್ರೋಮಿನ್ ಮೂರು ಬಾಟಲಿ ಮರಳಿನ ಡಬ್ಬದಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ.

ನೀರಿನ ಲೆಕ್ಕದಲ್ಲಿ ಒಂದನ್ನು ಮರೆತಿದ್ದೆ. ಸೋಸುವಾಗ ಗಾಳಿ ಎಳೆಯಲು ನಲ್ಲಿಗೆ ಸಿಕ್ಕಿಸುವ ಫಿಲ್ಟರ್ ಪಂಪ್. ಮೊನ್ನೆ ಅಳೆದೆ: ನಿಮಿಷಕ್ಕೆ 7 ಲೀಟರ್. ಕೂಲರ್ ಪಂಪಿಗೆ ಅದನ್ನು ಓಡಿಸುವ ಶಕ್ತಿ ಇಲ್ಲ, ಹಾಕಿ ನೋಡಿದೆವು. ಫಿಲ್ಟರ್ ಪಂಪಿನ ಬದಲು ಗಾಳಿ ಎಳೆಯಲು ಗುಜರಿಯಲ್ಲಿ ಹಳೇ ಫ್ರಿಜ್ ಕಂಪ್ರೆಸರ್ 700 ರೂಪಾಯಿಗೆ ಸಿಕ್ಕಿದೆ. ಅಣ್ಣ ಅದನ್ನು ಹಲಗೆಗೆ ಬೋಲ್ಟ್ ಮಾಡಿದ್ದಾರೆ. ನಡುವೆ ಹಬೆ ತಡೆಯುವ ಟ್ರ್ಯಾಪ್ ಬಾಟಲಿ ಇಡದೆ ಒಂದು ಸಲ ಓಡಿಸಿದೆವು, ಅಸಿಟಿಕ್ ಆಸಿಡ್ ಹಬೆ ಒಳಗೆ ಹೋಗಿ, ಹಿಂದಿನ ಕೊಳವೆಯಿಂದ ಎಣ್ಣೆ ಗೋಡೆಗೆ ಚಿಮ್ಮಿತು. ರಜೆ ಮುಗಿದ ಮೇಲೆ ಎರಡು ಟ್ರ್ಯಾಪ್ ಹಾಕಿ ಮತ್ತೆ ಶುರು.